ನಾಜೂಕು ಎಂದರೇನು?

ಕನ್ನಡ, ಮರಾಠಿ, ಉರ್ದು ಮೂರೂ ಕಿವಿಗೆ ಬೀಳುವ ಕೃಷ್ಣಾ ತೀರದ ಕುಡಚಿಯಲ್ಲಿ ‘ನಾಜೂಕು’ ಯಾರಿಗೂ ಹೊಸ ಪದವಲ್ಲ. ಮೂಲ ಪಾರಸಿ. ಬೇಗ ಒಡೆಯುವ ಗಾಜಿನ ಬಳೆ ನಾಜೂಕು. ಪಳಗಿದ ಕೈಯ ಕುಸುರಿಯೂ ನಾಜೂಕು. ಅತಿಯಾದರೆ ನಾಜೂಕಯ್ಯ! ಮರಾಠಿ, ಉರ್ದುವಿನಲ್ಲಿ ರೋಗಿಯ ಸ್ಥಿತಿ ನಾಜೂಕು ಎಂದರೆ ಜೀವಕ್ಕೇ ಅಪಾಯ.

ಸರ್ಕಾರಿ ಕಡತಗಳಿಗೆ ಪ್ರಿಯವಾದ ಪದ ‘ದುರ್ಬಲ’. ಅದು ಕೊರತೆಯನ್ನೆಲ್ಲ ಪೆಟ್ಟು ತಿನ್ನುವವನ ಮೇಲೆಯೇ ಹೊರಿಸುತ್ತದೆ. ನಾಜೂಕು ಹಾಗಲ್ಲ, ಹಿಡಿಯುವ ಕೈಗೂ ಎಚ್ಚರಿಕೆ ಹೇಳುತ್ತದೆ.

ನಾಜೂಕಾದದ್ದೆಲ್ಲ ಮೆತ್ತಗಿರಬೇಕಿಲ್ಲ. ವಜ್ರದಷ್ಟು ಕಠಿಣ ವಸ್ತು ಅಪರೂಪ. ಸುತ್ತಿಗೆಯ ಪೆಟ್ಟಿಗೆ ಅದೂ ಸೀಳುತ್ತದೆ. 2019ರ ಆಗಸ್ಟಿನ ಮಹಾಪೂರದಲ್ಲಿ ಕುಡಚಿ–ಉಗಾರ ಸೇತುವೆ ಮುಳುಗಿತು. ಗಟ್ಟಿ ಸೇತುವೆಯೇ, ನಾಜೂಕಾಗಿದ್ದದ್ದು ಅದನ್ನು ನಂಬಿದ ಎರಡು ದಡಗಳ ಓಡಾಟ.