ನಿಮಗಿದು ಗೊತ್ತೆ? ನೋವಿಲ್ಲದ ಕಪ್ಪು ಹುಣ್ಣನ್ನು ಕಡೆಗಣಿಸಬೇಡಿ

2001ರಲ್ಲಿ ಅಮೆರಿಕದಲ್ಲಿ ಅಂಚೆ ಲಕೋಟೆಗಳ ಮೂಲಕ ಹರಡಿದ ಆಂಥ್ರಾಕ್ಸ್‌ ರೋಗಾಣುವಿನ ಪುಡಿಯಿಂದ 22 ಮಂದಿಗೆ ರೋಗ ತಗುಲಿ, ಐವರು ಸತ್ತರು. ಅದೇ ರೋಗಾಣು ಕರ್ನಾಟಕದ ದನ, ಕುರಿಗಳಿಗೂ, ಅವುಗಳಿಂದ ಜನರಿಗೂ ತಗುಲುತ್ತದೆ. ಹಾಗಾಗಿ ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯಂಥ ಊರಿನಲ್ಲೂ ನರ್ಸ್‌ಗಳಿಗೆ ಇದರ ಗುರುತು ಗೊತ್ತಿರಲೇಬೇಕು.

● ಗುರುತು: ಚರ್ಮದ ಆಂಥ್ರಾಕ್ಸ್‌ನಲ್ಲಿ ಮೊದಲು ಹುಳ ಕಚ್ಚಿದಂಥ, ತುರಿಸುವ ಗುಳ್ಳೆ. ಆಮೇಲೆ ನೀರು ತುಂಬಿ ಒಡೆದು, ನಡುವೆ ಕಪ್ಪು ಹಕ್ಕಳೆ ಕಟ್ಟುತ್ತದೆ. ಸುತ್ತ ಊತವಿದ್ದರೂ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ.

● ಕೇಳಬೇಕಾದ ಮೊದಲ ಪ್ರಶ್ನೆ: ‘ಸತ್ತ ದನ, ಕುರಿ ಏನಾದ್ರೂ ಮುಟ್ಟಿದ್ರಾ? ಚರ್ಮ ಸುಲಿದ್ರಾ?’

● ಅನುಮಾನ ಯಾವಾಗ?: ಜಾನುವಾರುಗಳ ಸಹವಾಸವೇ ಇಲ್ಲದವರಲ್ಲಿ, ಅದೂ ಒಂದೇ ಕಡೆ ಹಲವರಲ್ಲಿ ಒಟ್ಟಿಗೆ ಕಂಡರೆ, ರೋಗಾಣುವನ್ನು ಯಾರೋ ಬೇಕೆಂದೇ ಹರಡಿರಬಹುದು.

● ಕ್ರಮ: ಕೈಗವಸು ತೊಟ್ಟು ಹುಣ್ಣಿಗೆ ಪಟ್ಟಿ ಕಟ್ಟಬೇಕು, ವೈದ್ಯಾಧಿಕಾರಿಗೆ ಕೂಡಲೇ ತಿಳಿಸಬೇಕು. ಶ್ವಾಸಕೋಶದ ಆಂಥ್ರಾಕ್ಸ್‌ ಒಬ್ಬರಿಂದ ಒಬ್ಬರಿಗೆ ಹರಡದು.

● ರೈತರಿಗೆ: ದಿಢೀರನೆ ಸತ್ತ ರಾಸನ್ನು ಕೊಯ್ಯಬೇಡಿ, ಮಾಂಸ ತಿನ್ನಬೇಡಿ. ಪಶುವೈದ್ಯರಿಗೆ ತಿಳಿಸಿ; ಪಶು ಸಹಾಯವಾಣಿ 1962.

ಬೇಗ ಪತ್ತೆಯಾದರೆ ಚರ್ಮದ ಆಂಥ್ರಾಕ್ಸ್‌ ಆಂಟಿಬಯೋಟಿಕ್‌ನಿಂದ ವಾಸಿಯಾಗುತ್ತದೆ.