ಕೆ2: ನಂಬರೇ ಹೆಸರಾಗಿ ಉಳಿದ ಶಿಖರ
ಎವರೆಸ್ಟ್ ಬಿಟ್ರೆ ಜಗತ್ತಿನ ಅತಿ ಎತ್ತರದ ಶಿಖರ, 8,611 ಮೀಟರ್. ಹೆಸರು ನೋಡಿದ್ರೆ ಬರೀ ಕೆ2! ಯಾಕೆ ಹೀಗೆ?

1856ರಲ್ಲಿ ಬ್ರಿಟಿಷ್ ಸರ್ವೇ ಅಧಿಕಾರಿ ಥಾಮಸ್ ಮಾಂಟ್ಗೊಮೆರಿ ಕಾಶ್ಮೀರದ ಹರಮುಖ್ ಬೆಟ್ಟದಿಂದ ನೋಡಿದಾಗ, ಸುಮಾರು 200 ಕಿ.ಮೀ. ದೂರದಲ್ಲಿ ಎರಡು ಶಿಖರಗಳು ಎದ್ದು ಕಂಡವು. ಕೆ1, ಕೆ2 ಅಂತ ಗುರುತು ಹಾಕಿಕೊಂಡರು. ಕೆ ಅಂದ್ರೆ ಕಾರಕೋರಂ. ತುರ್ಕಿಕ್ ಭಾಷೆಯಲ್ಲಿ 'ಕಪ್ಪು ಜಲ್ಲಿ' ಅಂತ ಅರ್ಥ. ಮೈತುಂಬಾ ಹಿಮನದಿಗಳಿರೋ ಪರ್ವತಸಾಲಿಗೆ ಈ ಹೆಸರು, ನೋಡಿ!

ಕೆ1ಗೆ ಸ್ಥಳೀಯರು ಮಾಶರ್‌ಬ್ರಮ್ ಅಂತಿದ್ರು, ಅದೇ ಉಳಿಯಿತು. ಕೆ2 ಮಾತ್ರ ಆ ದಾರಿಯ ಕೊನೆಯ ಹಳ್ಳಿ ಅಸ್ಕೋಲೆಯಿಂದಲೂ ಕಾಣಲ್ಲ. ಕಣ್ಣಿಗೇ ಬೀಳದ ಬೆಟ್ಟಕ್ಕೆ ಹೆಸರಿಡೋರು ಯಾರು? ಗಾಡ್ವಿನ್-ಆಸ್ಟಿನ್ ಅನ್ನೋ ಸರ್ವೇಯರ್ ಹೆಸರನ್ನೂ ಸೂಚಿಸಿದ್ರು, ನಿಲ್ಲಲಿಲ್ಲ. ಈಗ ಅಲ್ಲಿನ ಬಾಲ್ಟಿ ಜನರ ಬಾಯಲ್ಲೂ ಅದು 'ಕೆಟು'.