ಮೋತಿಬಿಂದು: ಲೇಸರ್ ಶಸ್ತ್ರಕ್ರಿಯೆಯೇ ಬೇಕೆ?



ಈ ಪತ್ರಿಕೆಯಲ್ಲಿ ಬೀಜ, ಗೊಬ್ಬರ, ನೀರಿನ ವಿಷಯ ಬರೆಯುವುದು ವಾಡಿಕೆ. ಈ ಸಲ ಕಣ್ಣಿನ ವಿಷಯ ಬರೆಯಲು ಕಾರಣವಿದೆ. ಗಟ್ ಕಚೇರಿಗೆ ಬರುವ ಹಿರಿಯ ಸಭಾಸದರಲ್ಲಿ ಕೆಲವರು, "ಸಾಹೇಬರೇ, ಮೋತಿಬಿಂದು ಆಗಿದೆ. ತೆಗೆಸಿದರೆ ಲೇಸರ್‌ನಿಂದಲೇ ತೆಗೆಸಬೇಕು. ಕಬ್ಬಿನ ಬಿಲ್ಲು ಬರಲಿ, ನೋಡೋಣ" ಎನ್ನುತ್ತಾರೆ. ಬಿಲ್ಲು ಬರುತ್ತದೆ, ಸೊಸಾಯಿಟಿ ಸಾಲಕ್ಕೆ ಹೋಗುತ್ತದೆ, ಶಸ್ತ್ರಕ್ರಿಯೆ ಮುಂದಿನ ಹಂಗಾಮಿಗೆ ಬೀಳುತ್ತದೆ. ಅಷ್ಟರಲ್ಲಿ ತೂಕದ ಚೀಟಿಯನ್ನು ಮೊಮ್ಮಗನಿಂದ ಓದಿಸುವ ಪ್ರಸಂಗ ಬಂದಿರುತ್ತದೆ. ಹೀಗೆ ಕಾಯುವ ಅವಶ್ಯಕತೆ ಇದೆಯೇ?

ಕಣ್ಣಿನ ಪಾಪೆಯ ಹಿಂದೆ ತೆಳುವಾದ ಚೀಲವೊಂದರಲ್ಲಿ ತಿಳಿಯಾದ ಮಸೂರವಿರುತ್ತದೆ. ವಯಸ್ಸಾದಂತೆ ಅದು ಮಬ್ಬಾಗುವುದೇ ಮೋತಿಬಿಂದು, ಅಂದರೆ ಕಣ್ಣಿನ ಪೊರೆ. ಸಕ್ಕರೆ ರೋಗ ಇದ್ದವರಿಗೆ ಇದು ಬೇಗ ಬರುತ್ತದೆ. ಯಾವ ಹನಿಯಿಂದಲೂ, ಯಾವ ಸೊಪ್ಪಿನ ರಸದಿಂದಲೂ ಇದು ಕರಗುವುದಿಲ್ಲ. ಮಬ್ಬಾದ ಮಸೂರವನ್ನು ತೆಗೆದು ಕೃತಕ ಮಸೂರ ಕೂಡಿಸುವುದೊಂದೇ ಉಪಾಯ. ಇಂಥ ಮಸೂರವನ್ನು ಮೊಟ್ಟಮೊದಲು 1949ರಲ್ಲಿ ಲಂಡನ್ನಿನಲ್ಲಿ ಡಾ. ಹೆರಾಲ್ಡ್ ರಿಡ್ಲಿ ಅವರು ಕೂಡಿಸಿದರು.

ಇಂದು ಮುಖ್ಯವಾಗಿ ಮೂರು ಪದ್ಧತಿಗಳಿವೆ.

ಒಂದು, ಕೈಯಿಂದ ಮಾಡುವ ಸಣ್ಣ ಗಾಯದ ಶಸ್ತ್ರಕ್ರಿಯೆ. ಸುಮಾರು 6-7 ಮಿ.ಮೀ. ಗಾಯ ಮಾಡಿ ಮಸೂರವನ್ನು ಹೊರತೆಗೆಯುತ್ತಾರೆ. ಸಾಮಾನ್ಯವಾಗಿ ಹೊಲಿಗೆ ಬೇಕಾಗುವುದಿಲ್ಲ.

ಎರಡು, ಫೇಕೋ. 1967ರಲ್ಲಿ ಅಮೇರಿಕೆಯ ಡಾ. ಚಾರ್ಲ್ಸ್ ಕೆಲ್ಮನ್ ಇದನ್ನು ರೂಢಿಗೆ ತಂದರು. 2-3 ಮಿ.ಮೀ. ಗಾಯದಿಂದ ಸೂಜಿಯಂಥ ಸಾಧನವನ್ನು ಒಳಗೆ ಬಿಟ್ಟು, ಕಿವಿಗೆ ಕೇಳದ ಶಬ್ದದ ಅಲೆಗಳಿಂದ ಮಸೂರವನ್ನು ಪುಡಿಮಾಡಿ ಹೀರಿ ತೆಗೆಯುತ್ತಾರೆ.

ಮೂರು, ಲೇಸರ್ ನೆರವಿನ ಶಸ್ತ್ರಕ್ರಿಯೆ. ಇದನ್ನು 2008ರಲ್ಲಿ ಬುಡಾಪೆಸ್ಟಿನಲ್ಲಿ ಡಾ. ಜೋಲ್ಟಾನ್ ನಾಗಿ ಆರಂಭಿಸಿದರು. ಗಾಯ ಮಾಡುವುದು, ಚೀಲದ ಬಾಯಿಯನ್ನು ದುಂಡಗೆ ಕತ್ತರಿಸುವುದು, ಮಸೂರವನ್ನು ತುಂಡು ಮಾಡುವುದು, ಇಷ್ಟನ್ನು ಲೇಸರ್ ಕಿರಣ ಮಾಡುತ್ತದೆ. ಆದರೆ ತುಂಡುಗಳನ್ನು ಹೊರತೆಗೆಯಲು ಮತ್ತೆ ಫೇಕೋ ಯಂತ್ರವೇ ಬೇಕು, ಡಾಕ್ಟರರ ಕೈಯೇ ಬೇಕು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಲೇಸರ್ ಕಬ್ಬು ಕಡಿದು ಹಾಕುತ್ತದೆ. ಬಂಡಿಗೆ ಹೇರಿ ಹೊಲ ತೆರವು ಮಾಡುವುದು ಫೇಕೋ.

ಹಾಗಾದರೆ ನೋಟದಲ್ಲಿ ಎಷ್ಟು ಫರಕು? ಲೇಸರ್ ಕತ್ತರಿಸುವ ದುಂಡು ಅಚ್ಚುಕಟ್ಟಾಗಿರುತ್ತದೆ ಎಂಬುದು ನಿಜ. ಆದರೆ ಬ್ರಿಟನ್ನಿನಲ್ಲಿ 785 ರೋಗಿಗಳ ಮೇಲೆ, ಫ್ರಾನ್ಸಿನಲ್ಲಿ 900ಕ್ಕೂ ಹೆಚ್ಚು ರೋಗಿಗಳ ಮೇಲೆ ಲೇಸರ್ ಮತ್ತು ಫೇಕೋಗಳನ್ನು ಹೋಲಿಸಿ ನೋಡಿದರು. 2020ರಲ್ಲಿ ಪ್ರಕಟವಾದ ಈ ಎರಡೂ ಅಧ್ಯಯನಗಳಲ್ಲಿ ಲೇಸರ್‌ನಿಂದ ದೃಷ್ಟಿ ಹೆಚ್ಚು ಸುಧಾರಿಸಲಿಲ್ಲ. ಮಾಡಿದ ಖರ್ಚಿಗೆ ತಕ್ಕ ಲಾಭವೂ ಕಾಣಲಿಲ್ಲ. ಇನ್ನು ಕೈ ಶಸ್ತ್ರಕ್ರಿಯೆಯನ್ನೂ ಫೇಕೋವನ್ನೂ ನಮ್ಮ ಪುಣೆಯಲ್ಲೇ 400 ಜನರ ಮೇಲೆ ಹೋಲಿಸಿದ್ದಾರೆ. 2005ರಲ್ಲಿ ಪ್ರಕಟವಾದ ಆ ವರದಿಯಂತೆ, ಕನ್ನಡಕ ಹಾಕಿ ಪರೀಕ್ಷಿಸಿದಾಗ ಎರಡೂ ಸರಿಸಮ. ಕನ್ನಡಕವಿಲ್ಲದೆ ಫೇಕೋ ತುಸು ಮೇಲು.

ಇಲ್ಲೊಂದು ತಪ್ಪು ತಿಳುವಳಿಕೆ ಇದೆ. "ನೆರೆಯವನಿಗೆ ಐದು ನಿಮಿಷದಲ್ಲಿ ಲೇಸರ್ ಮಾಡಿ ಕಳಿಸಿದರು" ಎನ್ನುತ್ತಾರೆ. ಅದು ಬೇರೆ ಚಿಕಿತ್ಸೆ. ಶಸ್ತ್ರಕ್ರಿಯೆಯಾದ ತಿಂಗಳು-ವರ್ಷಗಳ ಮೇಲೆ ಕೆಲವರಿಗೆ ಕೃತಕ ಮಸೂರದ ಹಿಂದಿನ ಚೀಲ ಮಬ್ಬಾಗುತ್ತದೆ. ಅದನ್ನು ಯಾಗ್ ಎಂಬ ಲೇಸರ್‌ನಿಂದ ತೆರೆಯುತ್ತಾರೆ. ಅದರಿಂದ ಮೋತಿಬಿಂದು ತೆಗೆಯಲಾಗದು.

ಮತ್ತೊಂದು ಮಾತು. ಕಬ್ಬಿನ ಗರಿ ತಾಗಿ ಕಣ್ಣಿನ ಕರಿಗುಡ್ಡೆಯ ಮೇಲೆ ಬಿಳಿ ಕಲೆ ಉಳಿದವರು ನಮ್ಮಲ್ಲಿ ಇದ್ದಾರೆ. ಕಲೆಯ ಮೂಲಕ ಲೇಸರ್ ಕಿರಣ ಸರಿಯಾಗಿ ಹಾಯುವುದಿಲ್ಲ. ಪಾಪೆ ಅಗಲವಾಗದ ಕಣ್ಣಿಗೂ ಲೇಸರ್ ಒಗ್ಗದು. ಡಾಕ್ಟರರು ತಮ್ಮ ಕಣ್ಣಿಗೆ ಲೇಸರ್ ಬೇಕೆಂದು ಕಾರಣ ಹೇಳಿದರೆ, ಕೈಯಲ್ಲಿ ಹಣವೂ ಇದ್ದರೆ, ಅವಶ್ಯ ಮಾಡಿಸಿಕೊಳ್ಳಿರಿ. ಆದರೆ ಅದಕ್ಕಾಗಿ ಸಾಲ ಮಾಡಬೇಡಿರಿ, ಕಾಯಲೂ ಬೇಡಿರಿ.

ಕಬ್ಬು ಪಕ್ವವಾಗಲಿ ಎಂದು ಕಾಯುವಂತೆ ಮೋತಿಬಿಂದು ಹಣ್ಣಾಗಲಿ ಎಂದು ಕಾಯುವುದು ಹಳೆಯ ಕಾಲದ ರೂಢಿ. ಅತಿಯಾಗಿ ಬಲಿತ ಮೋತಿಬಿಂದು ಗಟ್ಟಿಯಾಗಿ ಶಸ್ತ್ರಕ್ರಿಯೆ ಕಠಿಣವಾಗುತ್ತದೆ. ಕೆಲವರಿಗೆ ಕಣ್ಣಿನೊಳಗಿನ ಒತ್ತಡ ಏರಿ, ಹೋದ ದೃಷ್ಟಿ ಮರಳಿ ಬಾರದಂತಾಗುತ್ತದೆ. ದಿನದ ಕೆಲಸಕ್ಕೆ ಅಡ್ಡಿಯಾಗುವಷ್ಟು ಮಬ್ಬು ಬಂದರೆ ತೋರಿಸತಕ್ಕದ್ದು. ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮವು 1976ರಲ್ಲಿ ಆರಂಭವಾಗಿದ್ದು, ಅದರಡಿ ಸರಕಾರಿ ದವಾಖಾನೆಗಳಲ್ಲಿ ಮಸೂರ ಸಹಿತ ಶಸ್ತ್ರಕ್ರಿಯೆ ಉಚಿತ.

ಡಾಕ್ಟರರನ್ನು ಕೇಳಬೇಕಾದ ಪ್ರಶ್ನೆಗಳಿವು: ಕಣ್ಣಿನ ಹಿಂದಿನ ಪರದೆ ಸರಿ ಇದೆಯೇ? ಮಸೂರದ ನಂಬರಿಗಾಗಿ ಅಳತೆ ತೆಗೆದಿರಾ? ಬಿಲ್ಲಿನಲ್ಲಿ ಮಸೂರಕ್ಕೆ ಎಷ್ಟು, ಶಸ್ತ್ರಕ್ರಿಯೆಗೆ ಎಷ್ಟು? ಸಕ್ಕರೆ ರೋಗ ಇದ್ದವರು ಅದನ್ನು ಮೊದಲೇ ಹೇಳಬೇಕು.

ಶಸ್ತ್ರಕ್ರಿಯೆಯ ನಂತರ ಹೇಳಿದಷ್ಟು ದಿನ ಹನಿ ಹಾಕಿರಿ, ಕಣ್ಣು ಉಜ್ಜಬೇಡಿರಿ. ಡಾಕ್ಟರರು ಒಪ್ಪುವವರೆಗೆ ಕಬ್ಬಿನ ಹೊಲಕ್ಕೆ ಇಳಿಯಬೇಡಿರಿ. ನೋವು, ಕೆಂಪು, ಮಬ್ಬು ಹೆಚ್ಚಾದರೆ ಬೆಳಗಾಗುವವರೆಗೂ ಕಾಯದೆ ದವಾಖಾನೆಗೆ ಹೋಗಿರಿ.

ಬರುವ ಹಂಗಾಮಿನ ತೂಕದ ಚೀಟಿಯನ್ನು ತಾವೇ ಓದುವಂತಾಗಲಿ.

— ಕಬ್ಬು ಅಭಿವೃದ್ಧಿ ಅಧಿಕಾರಿ